ಎರಡು ಹುಣ್ಣಿಮೆಗಳ ನಡುವಿನ ಬರಿಗೈ

ನನ್ನ ಪೆದ್ದತನವನ್ನು ನಾನೇ ಮೊದಲು ಹೇಳಿಬಿಡುತ್ತೇನೆ. ಬೇರೆಯವರ ಬಾಯಿಗೆ ಬಿಟ್ಟರೆ ಅವರು ನನ್ನಷ್ಟು ಚೆನ್ನಾಗಿ ಹೇಳಲಾರರು. ದೇವರ ಹಿಪ್ಪರಗಿಯಲ್ಲಿ ಸಂತೆಯ ದಿನ, ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ, ಒಂದು ತಟ್ಟೆ ಬಿಟ್ಟಿ ಮಿರ್ಚಿ ಭಜಿಯ ಆಸೆಗೆ, ನನ್ನನ್ನು ಮಗನಂತೆ ಕಂಡವಳ ದನಿಯನ್ನು ಮಂದಿಯ ಮುಂದೆ ಆಡಿ ತೋರಿಸಿದೆ. ಜನ ನಕ್ಕರು. ಭಜಿ ಬಂತು. ಬಿಸಿ ಇತ್ತು, ರುಚಿಯೂ ಇತ್ತು, ಸುಳ್ಳೇಕೆ ಹೇಳಲಿ. ಅದರ ಖಾರ ಹತ್ತಿದ್ದು ಮಾತ್ರ ರೇಣವ್ವನಿಗೆ.

ಮೊನ್ನೆ ಬಸವನ ಬಾಗೇವಾಡಿಯಲ್ಲಿ ಬಳೆಯ ಪೆಟ್ಟಿಗೆ ಬಿಚ್ಚುವಾಗ ಇದೆಲ್ಲ ಎದ್ದುಬಂತು. ಗಾಜಿನ ಬಳೆ ಈಗಲೂ ಒಣಹುಲ್ಲಿನ ನಡುವೆಯೇ ಬರುತ್ತದೆ. ಮುಚ್ಚಳ ತೆಗೆದೊಡನೆ ಆ ಹುಲ್ಲಿನ ವಾಸನೆ ಗಂಟಲಿಗೆ ಬಡಿಯಿತು. ಧೂಳಿಗೆ ಕೆಮ್ಮು ಬಂತೆಂದು ಹೇಳಿ ಹೊರಗೆ ಹೋಗಿ ನಿಂತೆ. ಹಸಿರು ಬಳೆಗಳ ಕೆಳಗೆ, ಅಂಥದೇ ಹುಲ್ಲಿನಲ್ಲಿ, ಒಮ್ಮೆ ನಾವು ಒಂದು ಸೀರೆ ಅಡಗಿಸಿ ಒಯ್ದಿದ್ದೆವು.

ನಾನು ಮೈಬೂಬ, ಸಿಂದಗಿಯ ಮಣಿಯಾರರ ಹುಡುಗ. ಮಣಿಯಾರರೆಂದರೆ ಬಳೆ ತೊಡಿಸುವವರು. ತೊಂಬತ್ತರ ದಶಕ ಮುಗಿಯುತ್ತಿದ್ದ ಆ ದಿನಗಳಲ್ಲಿ ಅಬ್ಬಾ ಮತ್ತು ನಾನು ಪೆಟ್ಟಿಗೆ ಹೊತ್ತು ಇಂಡಿ, ಮುದ್ದೇಬಿಹಾಳ, ಬಾಗೇವಾಡಿ, ಮನಗೂಳಿ ಎಂದು ಸಂತೆಯಿಂದ ಸಂತೆಗೆ ಕೆಂಪು ಬಸ್ಸಿನಲ್ಲಿ ಅಲೆಯುತ್ತಿದ್ದೆವು. ಅಬ್ಬಾನಿಗೆ ದಮ್ಮಿನ ಬ್ಯಾನಿ. ಹಾಗಾಗಿ ಗಿರಾಕಿಗಳನ್ನು ಕರೆಯುವ ಬಾಯಿ ನನ್ನದು. ಆ ಬಾಯಲ್ಲಿ ಬಾಡಿಗೆ ಕೊಡದೆ ವಾಸವಿದ್ದವರು ಬಹಳ ಮಂದಿ: ಮೂಗಿನಿಂದಲೇ ಊರು ಕೂಗುವ ಕಂಡಕ್ಟರ್, ಎಲೆಯಡಿಕೆ ಉಗುಳದೆ ಜಮೀನಿನ ಲೆಕ್ಕ ಹೇಳುವ ತಲಾಟಿ, ಕೆಮ್ಮುತ್ತಲೇ ಬಯ್ಯುವ ನನ್ನ ಸ್ವಂತ ಅಬ್ಬಾ. ನಗುವ ಹೆಂಗಸಿನ ಕೈ ಸಡಿಲವಾಗುತ್ತದೆ, ಬಳೆ ಸಲೀಸಾಗಿ ಏರುತ್ತದೆ. ನನ್ನ ಕಲೆಗೆ ಅಷ್ಟು ಉಪಯೋಗವಿತ್ತು.

ಇನ್ನೊಂದು ಉಪಯೋಗವೂ ಇತ್ತು. ಎಲ್ಲರೂ ನಾನು ಆಡಿ ತೋರಿಸುವವರ ಕಡೆ ನೋಡುತ್ತಿದ್ದರೆ ನನ್ನ ಕಡೆ ಯಾರೂ ನೋಡುವುದಿಲ್ಲ. ದಿನವಿಡೀ ಹೆಂಗಸರ ಕೈ ಹಿಡಿದು ಕೂತರೂ ಏನೂ ಅನ್ನಿಸದ ನಾನು, ಬಾಗೇವಾಡಿಯ ದರ್ಜಿ ಈರಣ್ಣ ಕತ್ತರಿ ಕೆಳಗಿಟ್ಟು ತಲೆ ಎತ್ತಿದರೆ ಸಾಕು, ಕಂಡಕ್ಟರನನ್ನೂ ತಲಾಟಿಯನ್ನೂ ಮರೆತು ಮೂಗನಾಗುತ್ತಿದ್ದೆ. ಈರಣ್ಣ ಮುದ್ದೇಬಿಹಾಳದ ಕಡೆಯವನು. ಅವನು ಹುಟ್ಟಾ ಮೂಗನಂತೆಯೇ. ಇಬ್ಬರು ಮಾತಿಲ್ಲದವರು ಎದುರುಬದುರು ಕೂರಲು ಒಂದು ಜಾಗ ಬೇಕಿತ್ತು. ನಾಲ್ಕು ತಾಲೂಕಿನಲ್ಲಿ ಅಂಥ ಜಾಗ ಇದ್ದದ್ದು ಒಂದೇ: ಬಾಗೇವಾಡಿಯ ಹಳೇ ಬಾವಿ ಓಣಿಯಲ್ಲಿ, ರೇಣವ್ವನ ನೀಲಿ ಬಾಗಿಲಿನ ಖೋಲಿ.

ರೇಣವ್ವ ಜೋಗಪ್ಪ. ಹುಟ್ಟಿದಾಗ ಊರು ಗಂಡೆಂದದ್ದನ್ನು ಒಪ್ಪದೆ ಹೆಣ್ಣಾಗಿ ಬದುಕಿ, ಎಲ್ಲಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡವರನ್ನು ನಮ್ಮ ಕಡೆ ಹಾಗೆ ಕರೆಯುತ್ತಾರೆ. ಮಂಗಳವಾರ, ಶುಕ್ರವಾರ ದೇವಿಯ ಬುಟ್ಟಿಯನ್ನು ತಲೆಯ ಮೇಲಿಟ್ಟು, ಚೌಡಕಿ ಬಾರಿಸುತ್ತಾ ಮನೆಮನೆಗೆ ಹೋಗುತ್ತಿದ್ದಳು. ನಡುವಯಸ್ಸು, ದೊಡ್ಡ ಕುಂಕುಮ, ಅದಕ್ಕಿಂತ ದೊಡ್ಡ ನಗು. ನಾನು ಬಳೆ ತೊಡಿಸುವ ನೆಪದಲ್ಲಿ, ಈರಣ್ಣ ಕುಪ್ಪಸ ಕೊಡುವ ನೆಪದಲ್ಲಿ ಅವಳ ಮನೆ ಸೇರುತ್ತಿದ್ದೆವು.

"ಜೋಳದಾಗ ಹರಳ ಭಾಳ ಅದಾವ," ಎಂದು ಅವಳು ಮೊರ ಹಿಡಿದು ಹೊಸ್ತಿಲಲ್ಲಿ ಕೂರುತ್ತಿದ್ದಳು. "ನೀವು ಕುಂದರ್ರಿ. ನಾ ಹೊರಗ ಬೆಳಕಿನ್ಯಾಗ ಆರಿಸ್ತೇನಿ."

ಯಾರಾದರೂ ಓಣಿಗೆ ಕಾಲಿಟ್ಟರೆ ಜೋರಾಗಿ ಪದ ಎತ್ತುತ್ತಿದ್ದಳು. ನಮಗೆ ಅದೇ ಗಂಟೆ. ಮಧ್ಯಾಹ್ನವೆಲ್ಲ ಒಂದೇ ಮೊರ ಜೋಳ ಆರಿಸುತ್ತಿದ್ದಳು. ಅಷ್ಟು ಹಸನಾದ ಜೋಳ ಇಡೀ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ.

ಅದೇ ರೇಣವ್ವ ಸಂತೆಯಲ್ಲಿ ಎದುರಾದರೆ ನಾನು ಮುಖ ತಿರುಗಿಸುತ್ತಿದ್ದೆ. ಯಾರಾದರೂ ನನ್ನ ನಡಿಗೆಯನ್ನೋ ಮಾತನ್ನೋ ಕೆಣಕಿದರೆ ತಕ್ಷಣ ಅವಳ ಚಪ್ಪಾಳೆ, ಅವಳ ಸೊಂಟ, ಅವಳ ದನಿ ತೆಗೆದು ಆಡುತ್ತಿದ್ದೆ. ನೋಡ್ರಿ, ಅಂಥವರು ಅಲ್ಲಿದ್ದಾರೆ, ನಾನು ನಗಿಸುವವನು ಮಾತ್ರ ಎಂದು ಹೇಳುವ ರೀತಿ ಅದು. ಅವಳಿಗೆ ಗೊತ್ತಿತ್ತು.

"ನನ್ನ ಆಡ್ಕೋತಿಯಂತಲ್ಲೋ ಮೈಬ್ಯಾ?"

"ಹೊಟ್ಟಿಪಾಡು, ರೇಣವ್ವಾ."

"ಹೊಟ್ಟಿಪಾಡಲ್ಲೋ, ಹೆದರಿಕಿ. ನನ್ನ ಹಿಂದ ನಿಂತ್ರ ನಿನಗ ಬಿಸಲು ಬಡಿಯೂದಿಲ್ಲಂದ್ರ ನಿಂದರು. ನಿನ್ನ ಬಾಯಾಗ ಮಣ್ಣ ಹಾಕ... ಬ್ಯಾಡ ಬ್ಯಾಡ, ಬೆಲ್ಲಾ ಹಾಕ!"

ಅವಳ ಬೈಗುಳವೆಲ್ಲ ಹೀಗೆಯೇ. ಶಾಪವಾಗಿ ಹೊರಟು ಅರ್ಧ ದಾರಿಯಲ್ಲಿ ಹರಕೆಯಾಗಿ ತಿರುಗುತ್ತಿತ್ತು.

ಆ ವರ್ಷ ಹೊಸ್ತಿಲ ಹುಣ್ಣಿಮೆ ಬಂತು; ನಮ್ಮ ಕಡೆ ಅದಕ್ಕೆ ರಂಡಿ ಹುಣ್ಣಿಮೆ, ವಿಧವೆಯ ಹುಣ್ಣಿಮೆ, ಎಂದೂ ಹೆಸರು. ಅಂದು ಎಲ್ಲಮ್ಮ ವಿಧವೆಯಾಗುತ್ತಾಳೆಂದು ಜೋಗಪ್ಪಗಳು, ಜೋಗತಿಯರು ತಮ್ಮ ಬಳೆ ಒಡೆದುಕೊಳ್ಳುತ್ತಾರೆ. ಎರಡು ತಿಂಗಳು ಬರಿಗೈ. ಭಾರತ ಹುಣ್ಣಿಮೆಗೆ, ಅಂದರೆ ಮುತ್ತೈದೆ ಹುಣ್ಣಿಮೆಗೆ, ದೇವಿ ಮತ್ತೆ ಮುತ್ತೈದೆ, ಇವರ ಕೈಗೂ ಮತ್ತೆ ಹಸಿರು ಬಳೆ. ರೇಣವ್ವ ಒಗೆಯುವ ಕಲ್ಲಿಗೆ ಮಣಿಕಟ್ಟು ಬಡಿದಳು. ಆಮೇಲೆ ಎರಡೂ ಕೈ ಸೆರಗಿನೊಳಗೆ ಸೇರಿಸಿಕೊಂಡು, "ಬಳಿ ಇಲ್ಲದ ಕೈಗೆ ಥಂಡಿ ಭಾಳ ಹತ್ತತೈತಿ" ಎಂದಳು. ನಿಜಕ್ಕೂ ಚಳಿಯಿತ್ತು. ಬಿಳಿಜೋಳದ ಹೊಲಗಳ ಮೇಲಿಂದ ಬರುವ ಗಾಳಿಗೆ ತುಟಿ ಒಡೆಯುತ್ತಿತ್ತು. ತೊಗರಿಯ ಕೊಯ್ಲು ಎಲ್ಲ ಕಡೆ ನಡೆದಿತ್ತು.

ಹಿಪ್ಪರಗಿಯ ಚಹಾದಂಗಡಿಯ ಕಥೆ ನಡೆದದ್ದು ಅದಾದ ಕೆಲವು ದಿನಗಳಲ್ಲೇ. ನಾನು ರೇಣವ್ವನನ್ನು ಆಡಿದೆ. "ಮಣ್ಣ ಹಾಕ... ಬ್ಯಾಡ ಬ್ಯಾಡ, ಬೆಲ್ಲಾ ಹಾಕ!" ಎಂದಾಗ ಮೂಲೆಯ ಬಾಕಿನಲ್ಲಿದ್ದ ದಪ್ಪ ಮೀಸೆಯ ರೈತನೊಬ್ಬ ಬಸಿಯನ್ನು ಕೆಳಗಿಟ್ಟ.

"ತಮ್ಮಾ, ಇನ್ನೊಮ್ಮೆ ಅನ್ನು."

ಅಂದೆ. ಇನ್ನೂ ಚೆನ್ನಾಗಿ ಅಂದೆ.

"ಇವಂಗೊಂದು ಪ್ಲೇಟ್ ಭಜಿ ಕೊಡ್ರಿ," ಎಂದು ಅಂಗಡಿಯವನಿಗೆ ಹೇಳಿ, ನನ್ನ ಹೆಗಲ ಮೇಲೆ ಕೈಯಿಟ್ಟ. "ಹಿಂಗ ಮಾತಾಡೂದು ಯಾವೂರಾಗ?"

"ಬಾಗೇವಾಡ್ಯಾಗ್ರಿ! ಹಳೇ ಬಾವಿ ಓಣಿ, ನೀಲಿ ಬಾಗಲಾ!" ಅದನ್ನೂ ಕಂಡಕ್ಟರನ ದನಿಯಲ್ಲಿ ಕೂಗಿದೆ. ಮತ್ತೆ ನಗು.

ಎಳ್ಳಮಾಸಿಯ, ಅಂದರೆ ಎಳ್ಳು ಅಮಾವಾಸ್ಯೆಯ, ದಿನ ಊರಿಗೆ ಊರೇ ಹೊಲಕ್ಕೆ ಹೋಗುತ್ತದೆ. ಸಜ್ಜಿ ಕಡಬು ಕಟ್ಟಿಕೊಂಡು, ಪೈರಿಗೆ ಎಡೆಯ ಚರಗ ಚೆಲ್ಲಿ, ಅಲ್ಲೇ ಉಂಡು ಬರುತ್ತಾರೆ. ಓಣಿಗಳು ಖಾಲಿ. ನನಗೂ ಈರಣ್ಣನಿಗೂ ಅಂಥ ದಿನ ವರ್ಷಕ್ಕೊಂದೇ. ಖೋಲಿಯ ಒಳಗೆ ನಾವು, ಹೊಸ್ತಿಲಲ್ಲಿ ರೇಣವ್ವ ಮತ್ತು ಅವಳ ಮೊರ. ಓಣಿಯ ತುದಿಯಲ್ಲಿ ಟ್ರ್ಯಾಕ್ಸ್ ಗಾಡಿ ನಿಂತ ಸದ್ದಾಯಿತು. ಪದ ಕೇಳಿಸಲಿಲ್ಲ. ಮೊರ ಕೆಳಗೆ ಬಿದ್ದ ಸದ್ದು ಕೇಳಿಸಿತು.

"ರೇಣ್ಯಾ," ಎಂದಿತು ಒಂದು ದನಿ. "ಅವ್ವ ಸಾಯೂತನಕ ನಿನ್ನ ಹೆಸರ ಹಿಡದು ಒದರಿದಳು. ಹುಡುಕಿ ಹುಡುಕಿ ಸಾಕಾಗಿತ್ತು. ಕಡೀಕ ಅವ್ವನ ಮಾತು ಹಿಪ್ಪರಗಿ ಚಾ ಅಂಗಡ್ಯಾಗ ಕೇಳಿ ಬಂದೇನಿ."

ಒಮ್ಮೆ ಕೇಳಿದ ದನಿಯನ್ನು ನಾನು ಮರೆಯುವುದಿಲ್ಲ. ನನ್ನ ಶಾಪ ಅದು. ಆ ರೈತ ರೇಣವ್ವನ ಅಣ್ಣ. ಮಣ್ಣು, ಬೆಲ್ಲದ ಆ ಮಾತು ಅವಳದಾಗುವ ಮೊದಲು ಅವರ ತಾಯಿಯದು.

"ಒಳಗ ಯಾರದಾರ?" ಎಂದ ಅವನು.

"ಯಾರೂ ಇಲ್ಲ, ಅಣ್ಣಾ. ನಡಿ, ಬರ್ತೇನಿ."

ಅವಳೇ ಬಾಗಿಲೆಳೆದು ಹೊರಗಿನಿಂದ ಚಿಲಕ ಹಾಕಿದಳು. ಜಗಳವಿಲ್ಲ, ಕೂಗಾಟವಿಲ್ಲ. ಅವಳು ಒಮ್ಮೆ ಕಿರುಚಿದ್ದರೆ ಅಣ್ಣನೂ ಗಾಡಿಯವರೂ ಬಾಗಿಲು ಒದೆಯುತ್ತಿದ್ದರು, ನಾವಿಬ್ಬರೂ ಸಿಕ್ಕಿಬೀಳುತ್ತಿದ್ದೆವು. ಅದಕ್ಕೇ ಅವಳು ಕಿರುಚಲಿಲ್ಲ. ತಾನಾಗಿಯೇ ಗಾಡಿಯ ತನಕ ನಡೆದುಹೋದಳು. ಒಳಗೆ ನಾನು ಈರಣ್ಣನ ಅಂಗಿ ಹಿಡಿದುಕೊಂಡು ಕೂತಿದ್ದೆ. ಗಾಡಿಯ ಸದ್ದು ದೂರವಾದ ಮೇಲೆ ಅವನು ಕಿಟಕಿಯಿಂದ ಕೈಹಾಕಿ ಚಿಲಕ ತೆಗೆದ. ಅಂಗಳದಲ್ಲಿ ಜೋಳ ಚೆಲ್ಲಿತ್ತು. ಅದನ್ನು ಕೂಡಿಸುತ್ತಾ ನಾನು ಭಜಿಯ ಕಥೆ ಹೇಳಿದೆ.

ಈರಣ್ಣ ಬಯ್ಯಲಿಲ್ಲ. ಬಯ್ದಿದ್ದರೆ ಅವನ ದನಿ ಆಡಿ ತೋರಿಸಿ ನಗಿಸಲಾದರೂ ನೋಡಬಹುದಿತ್ತು. "ಅಕಿ ಹೊಸ್ತಿಲದಾಗ ಕುಂತು ನಮ್ಮನ್ನ ಕಾಯ್ದಳು," ಎಂದ. "ನೀ ಚಾ ಅಂಗಡ್ಯಾಗ ಕುಂತು ಅಕೀನ್ನ ಹಿಡದು ಕೊಟ್ಟಿ." ಅಷ್ಟೇ.

ಪೊಲೀಸರ ಬಳಿ ಹೋಗೋಣವೆಂದ. "ಹೋದ್ರ ಅವರು ಕೇಳೂದು ಒಂದ ಮಾತು," ಎಂದೆ. "ನೀವಿಬ್ಬರು ಒಳಗ ಏನು ಮಾಡಾಕತ್ತಿದ್ರಿ?" ಫೌಜದಾರನ ದನಿ ತಾನಾಗಿ ಬಂತು. ಇಬ್ಬರೂ ನಗಲಿಲ್ಲ. ಆ ಪ್ರಶ್ನೆಗೆ ಉತ್ತರ ಕೊಡುವ ಎದೆ ಇಬ್ಬರಿಗೂ ಇರಲಿಲ್ಲ.

ಖೋಲಿಯಲ್ಲಿ ಅವಳ ದೇವಿ ಒಬ್ಬಳೇ ಉಳಿದಳು. ಈರಣ್ಣ ಅಂಗಡಿ ಮುಚ್ಚಿ ಹೋಗಿ ದಿನಾ ದೀಪ ಹಚ್ಚತೊಡಗಿದ, ಯಾರು ನೋಡಿದರೂ ನೋಡಲಿ ಎಂಬಂತೆ. ನಾನು ಸಂತೆಗಳಲ್ಲಿ ಕಿವಿ ತೆರೆದು ಕೂತೆ. ಜೋಳ ತೆನೆ ಕಟ್ಟಿತು, ಅಟ್ಟಣಿಗೆ ಮೇಲಿನಿಂದ ಹಕ್ಕಿ ಓಡಿಸುವವರ ಕೂಗು ಬಸ್ಸಿನ ತನಕ ಕೇಳಿಸುತ್ತಿತ್ತು, ದಾರಿಬದಿಯಲ್ಲಿ ಹಸಿ ತೆನೆ ಸುಟ್ಟು ಸೀತನಿ ಮಾರುತ್ತಿದ್ದರು. ಯಾರಾದರೂ ನಗಿಸೆಂದು ಕೇಳಿದರೆ ತಲಾಟಿಯನ್ನು ಆಡುತ್ತಿದ್ದೆ. ರೇಣವ್ವನ ದನಿ ಬಾಯಿಗೆ ಬರುತ್ತಿರಲಿಲ್ಲ.

ಮಣಿಯಾರರಿಗೆ ಗೊತ್ತಾಗದ ಮನೆಯ ಸುದ್ದಿ ಇಲ್ಲ. ಇಂಡಿಯಲ್ಲಿ ನನ್ನ ಮಾಮು ಇದ್ದ. ಲಚ್ಯಾಣದ ಆಚೆಗಿನ ಕೆಲವು ಹಳ್ಳಿಗಳು ಅವನ ಪಾಲಿನವು. ಒಂದು ದಿನ ಅವನೇ ಮಾತಿಗೆ ತೆಗೆದ: "ಒಂದು ಮನ್ಯಾಗ ಲಗ್ನದ ಬಳಿ ಇಡಿಸೂದೈತಿ. ಓಡಿಹೋದ ತಮ್ಮ ಸಿಕ್ಕಾನಂತ. ತಲಿ ಬೋಳಿಸಿ, ಪ್ಯಾಂಟ್ ತೊಡಿಸಿ, ಅಕ್ಕನ ಮಗಳನ್ನ ಕೊಡಾಕತ್ತಾರ. ಮುತ್ತೈದಿ ಹುಣ್ಣಿಮಿ ದಿವಸ ಬರ್ರಿ ಅಂದಾರ."

"ಮಾಮು, ಆ ಮನಿಗೆ ನಾ ಹೋಗ್ತೇನಿ."

"ಯಾಕೋ?"

"ಹೆಂಗಸರು ಭಾಳ ಇರ್ತಾರಲ್ಲ. ನಗಿಸ್ತೇನಿ." ಮಾಮು ಒಪ್ಪಿದ. ನಾನು ಸುಳ್ಳು ಹೇಳುವಾಗ ಬಹಳ ನಂಬಿಕಸ್ತನಾಗಿ ಕಾಣುತ್ತೇನೆ.

ಪೆಟ್ಟಿಗೆಯ ತಳದ ಹುಲ್ಲಿನಲ್ಲಿ ರೇಣವ್ವನ ಹಸಿರು ಸೀರೆ, ಈರಣ್ಣ ಹೊಲಿದ ಕುಪ್ಪಸ. ಅದನ್ನು ಹೊತ್ತವನು ಈರಣ್ಣನೇ. ಹೇಗಾದರೂ ಗಂಟನ್ನು ಅವಳ ಕೈಗೆ ಮುಟ್ಟಿಸುವುದು, ಅವಳು ಸಮಯ ನೋಡಿ ಹೊರಬೀಳುವುದು, ನಾವು ಬಸ್ಸಿನ ಹತ್ತಿರ ಕಾಯುವುದು. ಇದು ನಮ್ಮ ಉಪಾಯ. ಇದರಲ್ಲಿ ನಮ್ಮ ಮುಖ ಯಾರಿಗೂ ಕಾಣಬೇಕಾಗಿರಲಿಲ್ಲ. ಹೆದರುಪುಕ್ಕಲರ ಉಪಾಯಗಳು ಯಾವಾಗಲೂ ಚೊಕ್ಕವಾಗಿರುತ್ತವೆ.

ಅಂಗಳದಲ್ಲಿ ಜಮಖಾನೆ ಹಾಸಿದ್ದರು. ಮದುಮಗಳು ಸಾವಕ್ಕ ಮೊದಲು ಕೂತಳು. ತೆಳ್ಳಗಿನ ಹುಡುಗಿ, ಕೈ ಐಸಿನ ಹಾಗೆ ತಣ್ಣಗಿತ್ತು. ಕಂಡಕ್ಟರನನ್ನು ಆಡಿದೆ. ಸುತ್ತಲಿನವರು ನಕ್ಕರು, ಅವಳು ನಗಲಿಲ್ಲ. ಎರಡೂ ಕೈಗೆ ತುಂಬ ಹಸಿರು ಬಳೆ ಇಟ್ಟೆ. ಬಳೆ ಇಟ್ಟಾದ ಮೇಲೆ ನಮ್ಮ ಕಡೆ ಹೆಂಗಸರು ಮಣಿಯಾರನಿಗೆ ನಮಸ್ಕಾರ ಮಾಡುತ್ತಾರೆ. ಅವನು ತವರಿನ ಅಣ್ಣನಿದ್ದ ಹಾಗೆಂದು. ಸಾವಕ್ಕ ಬಗ್ಗಿದಾಗ ಅವಳ ಕಣ್ಣು ದನದ ಕೊಟ್ಟಿಗೆಯ ಕಡೆ ಹೋಯಿತು. ನಾನೂ ನೋಡಿದೆ.

ಮೇವಿನ ಹೊರೆ ಹೊತ್ತು ರೇಣವ್ವ ನಿಂತಿದ್ದಳು. ತಲೆಯ ಮೇಲೆ ಉಗುರುದ್ದದ ಕೂದಲು, ಯಾರದೋ ಅಳತೆಯ ಅಂಗಿ. ಕುಂಕುಮದ ಜಾಗದಲ್ಲಿ ಬಿಳಿಚಿದ ಕಲೆ. ನನ್ನನ್ನು ನೋಡಿದಳು, ಪೆಟ್ಟಿಗೆ ನೋಡಿದಳು, ಅದರ ಹಿಂದೆ ನಿಂತ ಈರಣ್ಣನನ್ನು ನೋಡಿದಳು. ನಮ್ಮ ಉಪಾಯ ಅವಳಿಗೆ ಗೊತ್ತಿರಲಿಲ್ಲ, ಗೊತ್ತಿದ್ದರೂ ಕೇಳುತ್ತಿರಲಿಲ್ಲ. ಹೊರೆ ಇಳಿಸಿದಳು. ದನ ಕುಡಿಯುವ ತೊಟ್ಟಿಯಲ್ಲಿ ಕೈ ತೊಳೆದಳು. ನೇರ ಬಂದು ಕೊನೆಯ ಹೆಂಗಸಿನ ಪಕ್ಕದಲ್ಲಿ, ಜಮಖಾನೆಯ ಅಂಚಿಗೆ ಕೂತು, ಎರಡೂ ಕೈ ಚಾಚಿದಳು.

"ಹುಣ್ಣಿಮಿ ಐತಿ ಇವತ್ತು," ಎಂದಳು.

ಪಕ್ಕದ ಹೆಂಗಸು ಸೆರಗೆಳೆದುಕೊಂಡು ಸರಿದಳು. ಅಬ್ಬಾ ನನಗೆ ಕಸುಬಿನ ಮೊದಲ ದಿನ ಹೇಳಿದ್ದ: ಚಾಚಿದ ಕೈಯನ್ನು ಬರಿದೆ ಹಿಂದಕ್ಕೆ ಕಳಿಸಬೇಡ, ಅದು ಯಾರ ಕೈ ಎಂದೂ ಕೇಳಬೇಡ. ಕೈ ಹಿಡಿದೆ. ತೊಗರಿ ಕೊಯ್ದು, ಬಡಿದು, ಆ ಅಂಗೈ ಬೊಬ್ಬೆ ಎದ್ದು ಬಾತಿತ್ತು. ಯಾವಾಗಲೂ ಏರುತ್ತಿದ್ದ ಅಳತೆಯ ಬಳೆ ಹೆಬ್ಬೆರಳಿನ ಬುಡದಲ್ಲಿ ಸಿಕ್ಕಿ ಒಡೆಯಿತು. ನನ್ನ ಬೆರಳಿಗೂ ಚುಚ್ಚಿತು.

"ನಿನ್ನ ಕೈಗೆ ಮಣ್ಣ ಹಾಕ... ಬ್ಯಾಡ ಬ್ಯಾಡ," ಎಂದಳು ಮೆಲ್ಲಗೆ. "ಸಾವಕಾಶ ಇಡೋ. ನಾ ಎಲ್ಲೂ ಹೋಗೂದಿಲ್ಲ."

ದೊಡ್ಡ ಅಳತೆ ತೆಗೆದೆ. ಅಂಗೈಯನ್ನು ನಾದಿ, ಹೆಬ್ಬೆರಳು ಒಳಕ್ಕೆ ಮಡಿಸಿ, ಒಂದೊಂದೇ ಏರಿಸಿದೆ. ಅಷ್ಟರಲ್ಲಿ ಅಣ್ಣ ಹೊರಗಿನಿಂದ ಬಂದ.

"ಏ ಮಣಿಯಾರ! ಯಾರ ಕೈ ಹಿಡದಿ ಅನ್ನೂದರ ಖಬರ್ ಐತೇನು?"

"ಐತ್ರಿ."

ಅವನಿಗೆ ನನ್ನ ಗುರುತು ಹತ್ತಿತು. "ನೀ ಭಜಿ ತಿಂದಾವಲ್ಲ? ಅವತ್ತ ಇವನ್ನ ಆಡ್ಕೊಂಡು ನಗಸಿದಿ. ಇವತ್ತ ಬಳಿ ಇಡಾಕ ಬಂದೀ? ನೀನೂ ಇಂಥಾವನ ಏನು?"

ದಾರಿ ಎದುರಿಗೇ ಇತ್ತು. ಕೈ ಬಿಟ್ಟು, ಎದ್ದು ಒಂದು ಚಪ್ಪಾಳೆ, ಒಮ್ಮೆ ಸೊಂಟ ತಿರುವಿದ್ದರೆ ಸಾಕು, ಅಂಗಳವೆಲ್ಲ ನಗುತ್ತಿತ್ತು, ನಾನು ಪಾರಾಗುತ್ತಿದ್ದೆ. ಆ ಚಪ್ಪಾಳೆ ನನ್ನ ಅಂಗೈಯಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ಎರಡೂ ಅಂಗೈಯಲ್ಲಿ ರೇಣವ್ವನ ಕೈಯಿತ್ತು.

"ಅಕಿ ಹೆಂಗಸು, ಹೆಂಗಸಿನಂಗ ಅದಾಳ್ರಿ," ಎಂದೆ. "ನಾ ಗಂಡಸ ಅದೇನಿ. ಆದ್ರ ನನ್ನ ಮನಸು ಹೋಗೂದು ಗಂಡಸರ ಕಡೇನ. ನಮ್ಮಿಬ್ಬರ ದಾರಿ ಬ್ಯಾರೆ ಬ್ಯಾರೆ. ಒದಿ ಬೀಳೂದು ಮಾತ್ರ ಒಂದ ಕಡಿಂದ. ಅದಕ್ಕ ಬಂದೇನ್ರಿ."

ಯಾರ ದನಿಯನ್ನೂ ಸಾಲ ತರದೆ ಮಾತಾಡಿದ್ದು ಅದೇ ಮೊದಲು. ಬಹಳ ಸಪ್ಪೆ ದನಿ ನನ್ನದು.

ಕಪಾಳಕ್ಕೆ ಬಿತ್ತು. ಎಡಗಿವಿ ಗುಂಯ್ಯೆಂದಿತು. ಕಣ್ಣು ತೆರೆದಾಗ ಈರಣ್ಣ, ಗಿರಾಕಿಯ ಮುಂದೆಯೂ ಬಾಯಿ ತೆರೆಯದ ಈರಣ್ಣ, ಪೆಟ್ಟಿಗೆ ಪಕ್ಕಕ್ಕೆ ತಂದಿಟ್ಟು, ಹೆಂಗಸರ ಸಾಲಿನಲ್ಲಿ ನನ್ನ ಬದಿಗೆ ಕೂತಿದ್ದ. ಹುಲ್ಲಿನೊಳಗಿನಿಂದ ಸೀರೆ ತೆಗೆದು ರೇಣವ್ವನ ಮಡಿಲಿಗಿಟ್ಟ. ಆಮೇಲೆ ಬಳೆಗಳನ್ನು ಒಂದೊಂದಾಗಿ ನನ್ನ ಕೈಗೆ ಕೊಡತೊಡಗಿದ. "ನೀನ್ಯಾರೋ?" ಎಂದ ಅಣ್ಣ. ಈರಣ್ಣ ನನ್ನ ಕಡೆ ಬೆರಳು ತೋರಿಸಿ, "ನಾ ಇವನಾಂವ" ಎಂದ. ಮತ್ತೊಂದು ಬಳೆ ಕೊಟ್ಟ.

ಆಮೇಲಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಕಡೆಯ ಮಾತನ್ನು ಅದನ್ನು ಆಡಿದವಳಿಗೇ ಬಿಡಬೇಕು. ಲಗ್ನ ನಿಂತಿತು, ರೇಣವ್ವ ನಮ್ಮೊಡನೆ ಬಂದಳು. ಸುದ್ದಿ ನಮಗಿಂತ ಮೊದಲು ಸಿಂದಗಿ ಮುಟ್ಟಿತು. ಮಾಮುವಿಗೆ ಆ ಹಳ್ಳಿ ಕೈತಪ್ಪಿತು. ಅಬ್ಬಾ ರಂಜಾನಿನ ತನಕ ನನ್ನೊಡನೆ ಮಾತಾಡಲಿಲ್ಲ. ಹಬ್ಬದ ದಿನ, "ಅಕಿ ಕೈಗೆ ಏರದಿದ್ರ ನಾದಬೇಕೋ, ಒತ್ತಬಾರದು. ಎಷ್ಟ ಸಲ ಹೇಳೇನಿ?" ಎಂದು ಕೆಮ್ಮಿದ. ಕ್ಷಮೆಯೋ ಕಸುಬಿನ ಪಾಠವೋ, ನಾನು ಕೇಳಲಿಲ್ಲ. ಈರಣ್ಣನನ್ನು ಬಾಡಿಗೆ ಅಂಗಡಿಯಿಂದ ಹೊರಹಾಕಿದರು. ಅವನ ಹೊಲಿಗೆ ಯಂತ್ರ ಈಗ ನೀಲಿ ಬಾಗಿಲಿನ ಒಳಗಿದೆ, ನನ್ನ ಬಳೆಯ ಪೆಟ್ಟಿಗೆಯೂ ಅಲ್ಲೇ. ರೇಣವ್ವನ ಕೂದಲು ತುರುಬಿಗೆ ಬರಲು ವರ್ಷ ದಾಟಿತು. ಅಲ್ಲಿಯ ತನಕ ಸಂತೆಯಲ್ಲಿ ಜನ ನಕ್ಕಾಗ ನಾವಿಬ್ಬರೂ ಅವಳ ಅಕ್ಕಪಕ್ಕ ನಡೆದೆವು. ನಗುವವರಿಗೆ ಹಂಚಿಕೊಳ್ಳಲು ಮೂವರು ಸಿಕ್ಕರು. ಈಗಲೂ ಹೊಸ್ತಿಲಲ್ಲಿ ಕೂತು ಜೋಳ ಆರಿಸುತ್ತಾಳೆ, ಪದ ಮಾತ್ರ ಸುಮ್ಮನೆ ಖುಷಿಗೆ.

ಆ ದಿನ ಅಂಗಳದಲ್ಲಿ ಇದು ಯಾವುದೂ ಗೊತ್ತಿರಲಿಲ್ಲ. ಕೊನೆಯ ಬಳೆ ಏರಿತ್ತು. ರೇಣವ್ವ ಆ ಬೋಳಿಸಿದ ತಲೆಯನ್ನು ಬಗ್ಗಿಸಿ, ಎಲ್ಲ ಹೆಂಗಸರಂತೆ, ನನಗೆ ನಮಸ್ಕಾರ ಮಾಡಿದಳು. ಅಣ್ಣ ಒಳಕಲ್ಲಿನ ಗುಂಡು ಎತ್ತಿಕೊಂಡು ಬಂದ. ಅವನ ಕಣ್ಣಲ್ಲಿ ನೀರಿತ್ತು, ಅದನ್ನೂ ಹೇಳಬೇಕು.

"ಒಡೀತೇನಿ," ಎಂದ. "ಎಲ್ಲಾ ಒಡೀತೇನಿ. ಲಗ್ನ ಆದ್ರ ತಾನ ಸರಿ ಹೋಗ್ತಾನ."

ಸಾವಕ್ಕ ಎದ್ದಳು. ಬಂದು ರೇಣವ್ವನ ಮುಂದೆ ಕೂತು, ಆಗಷ್ಟೇ ತೊಟ್ಟ ತನ್ನ ಎರಡೂ ಕೈಗಳನ್ನು ಮಾವನ ಎದುರು ನೆಲದ ಮೇಲಿಟ್ಟಳು.

"ಮೊದಲ ನನ್ನವು ಒಡೀರಿ, ಮಾಮಾ. ಅಕಿನ್ನ ನನಗ ಗಂಡ ಅಂತ ಕಟ್ಟಿದ್ರ, ತಾಳಿ ಬಿದ್ದ ದಿವಸಾನ ನಾ ರಂಡಿ."